ಐಡಿಗೆ ಎಷ್ಟು ಬಿಟ್ ಇಡಬೇಕು? ಅನುಭವ ಇದ್ದವರು ಹೇಳಿ

ಝುವಾರಿನಗರ, ಗೋವಾ:
ನಾವು ಮೂವರು, ಎಲ್ಲರೂ ಧಾರವಾಡ ಕಡೆಯವರು, ಹಾಸ್ಟೆಲ್‌ನಲ್ಲಿ ಕೂತು ಚಿಕ್ಕ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇವೆ. ಪ್ರೋಸೆಸ್ ಐಡಿ (ಪಿಐಡಿ, ಓಡುತ್ತಿರುವ ಪ್ರತಿ ಪ್ರೋಗ್ರಾಮ್‌ನ ನಂಬರ್), ಯೂಸರ್ ಐಡಿ (ಯುಐಡಿ, ಬಳಕೆದಾರರ ನಂಬರ್) ಇವಕ್ಕೆ 16 ಬಿಟ್ ಸಾಕು, ಸುಮ್ನೆ ಜಾಗ ಯಾಕೆ ಹಾಳು ಅಂತ ಒಬ್ಬನ ವಾದ. ಏನು ಮಾಡೋಣ?

ಹಿಂಜವಡಿ, ಪುಣೆ:
ಎಷ್ಟು ಬಿಟ್ ಅನ್ನೋದಕ್ಕಿಂತ ಮೊದಲು, ಒಂದು ನಂಬರ್ ಮತ್ತೆ ಎಷ್ಟು ಬೇಗ ಇನ್ನೊಬ್ಬರ ಪಾಲಾಗುತ್ತದೆ ಅಂತ ಲೆಕ್ಕ ಹಾಕಿ. ಲಿನಕ್ಸ್‌ನಲ್ಲಿ ಪಿಐಡಿ ಮಿತಿ ಬಹಳ ಕಾಲ 32768 ಇತ್ತು. ಸೆಕೆಂಡಿಗೆ ಹತ್ತು ಪ್ರೋಸೆಸ್ ಹುಟ್ಟಿ ಸತ್ತರೆ ಒಂದು ಗಂಟೆಯೊಳಗೆ ನಂಬರ್‌ಗಳ ಸುತ್ತು ಮುಗಿದು ಹಳೇ ನಂಬರ್‌ಗಳೇ ಮತ್ತೆ ಬರುತ್ತವೆ.

ನನಗೆ ಇದು ಹೊಡೆತ ತಿಂದೇ ಗೊತ್ತಾಗಿದ್ದು. ನಮ್ಮ ಬಿಲ್ಡ್ ಮಷೀನಿನಲ್ಲಿ ಒಂದು ಸ್ಕ್ರಿಪ್ಟ್ ತನ್ನ ಪಿಐಡಿಯನ್ನು ಫೈಲ್‌ನಲ್ಲಿ ಬರೆದಿಟ್ಟು, ಅರ್ಧಕ್ಕೇ ಸತ್ತಿತ್ತು. ಫೈಲ್‌ನಲ್ಲಿದ್ದ ನಂಬರ್ 21407. ರಾತ್ರಿ ಕ್ಲೀನಪ್ ಓಡಿ 21407ಕ್ಕೆ ಕಿಲ್ (ನಿಲ್ಲು ಅನ್ನೋ ಆದೇಶ) ಕಳಿಸಿತು. ಅಷ್ಟರಲ್ಲಿ ಆ ನಂಬರ್ ಡೇಟಾಬೇಸ್ ಬ್ಯಾಕಪ್‌ಗೆ ಸಿಕ್ಕಿತ್ತು. ಬೆಳಗ್ಗೆ ಬ್ಯಾಕಪ್ ಅರ್ಧ, ಲಾಗ್‌ನಲ್ಲಿ ಒಂದು ತಪ್ಪೂ ಕಾಣಲಿಲ್ಲ. ಎರಡು ದಿನ ಹುಡುಕಿದೆವು.

64 ಬಿಟ್ ಲಿನಕ್ಸ್‌ನಲ್ಲಿ ಈ ಮಿತಿಯನ್ನು 4194304ರವರೆಗೆ ಏರಿಸಬಹುದು. ಆದರೂ ಸುತ್ತು ತಪ್ಪುವುದಿಲ್ಲ, ತಡ ಆಗುತ್ತದೆ ಅಷ್ಟೇ. ಅದಕ್ಕೇ 2019ರಲ್ಲಿ ಲಿನಕ್ಸ್‌ಗೆ ಪಿಐಡಿಎಫ್‌ಡಿ ಅನ್ನೋ ಹಿಡಿಕೆ ಬಂತು. ಅದು ನಂಬರನ್ನಲ್ಲ, ಆ ಪ್ರೋಸೆಸ್ಸನ್ನೇ ಹಿಡಿದುಕೊಳ್ಳುತ್ತದೆ.

ನೀವು ಹೊಸದಾಗಿ ಬರೆಯುತ್ತಿದ್ದೀರಿ, ಅದೃಷ್ಟವಂತರು. 64 ಬಿಟ್ ಇಡಿ. ಕೆಳಗಿನ 32 ಬಿಟ್ ಪ್ರೋಸೆಸ್ ಟೇಬಲ್‌ನ ಸ್ಲಾಟ್ (ಎಷ್ಟನೇ ಸಾಲು), ಮೇಲಿನ 32 ಜನರೇಷನ್ (ಆ ಸಾಲು ಎಷ್ಟನೇ ಸಲ ಬಳಕೆಯಲ್ಲಿದೆ). ಸ್ಲಾಟ್ ಖಾಲಿಯಾದಾಗಲೆಲ್ಲ ಜನರೇಷನ್‌ಗೆ ಒಂದು ಕೂಡಿಸಿ. ಹಳೇ ಐಡಿ ಹಿಡಿದು ಬಂದವನಿಗೆ 'ಇಂಥವರು ಇಲ್ಲ' ಅಂತ ಉತ್ತರ ಸಿಗುತ್ತದೆ, ಬೇರೆಯವರ ಮನೆ ಬಾಗಿಲು ತೆರೆಯುವುದಿಲ್ಲ.

ಮಾಟುಂಗಾ, ಮುಂಬೈ:
ಯೂಸರ್ ಐಡಿ ಬಗ್ಗೆ ನನ್ನ ಮಾತು. ಲಿನಕ್ಸ್‌ನಲ್ಲಿ ಅದು ಮೊದಲು 16 ಬಿಟ್ ಇತ್ತು. 2001ರಲ್ಲಿ ಬಂದ 2.4 ಆವೃತ್ತಿಯಲ್ಲಿ 32 ಆಯಿತು. ಆದರೆ ಹಳೇ ಪ್ರೋಗ್ರಾಮ್‌ಗಳು ಓಡಬೇಕಲ್ವಾ? ಹಾಗಾಗಿ 32 ಬಿಟ್ ಎಕ್ಸ್86 (ಇಂಟೆಲ್ ಮಾದರಿ) ಪ್ರೊಸೆಸರ್‌ಗಳಲ್ಲಿ ಹಳೇ ಸಿಸ್ಟಮ್ ಕಾಲ್‌ಗಳ (ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮ್‌ಗೆ ಕೆಲಸ ಹೇಳುವ ಕರೆಗಳ) ಪಕ್ಕದಲ್ಲೇ ಹೊಸ ಜೋಡಿ ಇಡಬೇಕಾಯಿತು. ದೊಡ್ಡ ಯುಐಡಿ ಹಳೇ ಕಾಲ್‌ಗೆ ಹಿಡಿಸದಿದ್ದರೆ 65534 ಅಂತ ಕಾಣುತ್ತದೆ. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗಿನ ಅಳತೆಯನ್ನು ನಾಳೆ ಬೆಳಗ್ಗೆ ಬದಲಿಸಬಹುದು. ಸಿಸ್ಟಮ್ ಕಾಲ್‌ಗೆ, ಡಿಸ್ಕ್‌ಗೆ ಹೋದದ್ದು ಮಾತ್ರ ನಿಮ್ಮ ಕೈಯಲ್ಲಿಲ್ಲ.

ಝುವಾರಿನಗರ:
ಲೆಕ್ಕ ಹಾಕಿದೆವು. ನಮ್ಮ ಪ್ರೋಸೆಸ್ ಟೇಬಲ್‌ನಲ್ಲಿ 64 ಸಾಲು. 16ರ ಬದಲು 64 ಬಿಟ್ ಇಟ್ಟರೆ ಜಾಸ್ತಿ ಆಗೋದು 384 ಬೈಟ್. ಗೆಳೆಯ ಒಪ್ಪಿದ. ಡಿಸ್ಕ್ ಮೇಲಿನ ಐನೋಡ್ ನಂಬರಿಗೂ (ಪ್ರತಿ ಫೈಲ್‌ನ ಗುರುತಿನ ನಂಬರ್) 64 ಇಡೋಣವೇ?

ಮಾಟುಂಗಾ:
ಇಡಿ. ಜೊತೆಗೆ ಸೂಪರ್‌ಬ್ಲಾಕ್‌ನಲ್ಲಿ (ಡಿಸ್ಕ್ ಮೇಲೆ ಫೈಲ್ ಸಿಸ್ಟಮ್‌ನ ವಿವರ ಇರುವ ಜಾಗ) ಫಾರ್ಮ್ಯಾಟ್ ವರ್ಷನ್‌ಗೆ ಒಂದು ಜಾಗ ಈಗಲೇ ಬಿಡಿ. ಸಮಯವನ್ನೂ 64 ಬಿಟ್‌ನಲ್ಲೇ ಬರೆಯಿರಿ. ಚಿಹ್ನೆ ಸಹಿತ 32 ಬಿಟ್‌ನ ಯುನಿಕ್ಸ್ ಸಮಯ (1970ರಿಂದ ಎಣಿಸಿದ ಸೆಕೆಂಡುಗಳು) 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8.44ಕ್ಕೆ ತುಂಬಿಹೋಗುತ್ತದೆ.