ರಕ್ತ, ಲಾವಾ, ಪದ: ಮೂರಕ್ಕೂ ಯಾಕೆ ಒಂದೇ ಹೆಸರು?

ಪ್ರಶ್ನೆ: ನಮಸ್ತೆ ಮೇಡಂ. ರಕ್ತಕಣಗಳು ಗುಂಪುಗಟ್ಟುವುದಕ್ಕೆ ಅಗ್ಲುಟಿನೇಷನ್ ಅಂತಾರೆ. ಕನ್ನಡವೂ ಅಗ್ಲುಟಿನೇಟಿವ್ ಭಾಷೆಯಂತೆ. ಜ್ವಾಲಾಮುಖಿಯ ಒಂದು ಬಗೆಯ ಕಲ್ಲಿಗೂ ಇದೇ ಹೆಸರು! ಏನು ಸಂಬಂಧ? ರಕ್ತ ಹೆಪ್ಪುಗಟ್ಟುವುದೂ ಇದೇ ತಾನೇ?

ಉತ್ತರ (ರಕ್ತನಿಧಿಯ ಲ್ಯಾಬ್ ಟೆಕ್ನೀಷಿಯನ್): ಅಲ್ಲಪ್ಪ, ಹೆಪ್ಪುಗಟ್ಟುವುದೇ ಬೇರೆ. ಅಲ್ಲಿ ಫೈಬ್ರಿನ್ ಎಳೆಗಳು ಬಲೆಯಂತೆ ಹೆಣೆದುಕೊಂಡು ಕಣಗಳನ್ನು ಹಿಡಿದಿಡುತ್ತವೆ. ಇಲ್ಲಿ ಆಂಟಿಬಾಡಿಗಳು, ಅಂದರೆ ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನ್‌ಗಳು, ಒಂದು ಕಣವನ್ನು ಇನ್ನೊಂದಕ್ಕೆ ಅಂಟಿಸುತ್ತವೆ. ಪರೀಕ್ಷೆ ಬರೆಯುವಾಗ ಇವೆರಡನ್ನು ದಯವಿಟ್ಟು ಕಲಸಬೇಡಿ.

ಬ್ಲಡ್ ಗ್ರೂಪ್ ನೋಡುವಾಗ ಸ್ಲೈಡ್ ಮೇಲೆ ಒಂದು ಹನಿ ರಕ್ತ, ಒಂದು ಹನಿ ನೀಲಿ ಬಣ್ಣದ ಆಂಟಿ-ಎ (ಎ ಗುಂಪಿನ ಕಣಗಳನ್ನು ಹಿಡಿಯುವ ಆಂಟಿಬಾಡಿ ಇರುವ ದ್ರವ) ಹಾಕಿ ಕಡ್ಡಿಯಲ್ಲಿ ಕಲಸುತ್ತೇವೆ. ಆಮೇಲೆ ಸ್ಲೈಡನ್ನು ಮೆಲ್ಲಗೆ ಅತ್ತಿತ್ತ ವಾಲಿಸುತ್ತೇವೆ. ಎ ಗುಂಪಾದರೆ ನುಣ್ಣಗಿದ್ದ ಕೆಂಪು ನೋಡನೋಡುತ್ತಲೇ ತರಿತರಿಯಾಗುತ್ತದೆ, ನಡುವೆ ತಿಳಿ ನೀರು ಕಾಣುತ್ತದೆ. ದಿನಾ ನೋಡಿದರೂ ಆ ಕ್ಷಣ ನನಗೆ ಬೇಸರ ತಂದಿಲ್ಲ. ಐಜಿಎಂ ಅನ್ನುವ ಆಂಟಿಬಾಡಿಗೆ ಹಿಡಿಯಲು ಹತ್ತು ಕೈ ಇದ್ದ ಹಾಗೆ. ಅದಕ್ಕೇ ದೂರದೂರದ ಕಣಗಳನ್ನೂ ಸೇರಿಸಿಬಿಡುತ್ತದೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಗುರುತಿಸಿದ್ದು ಈ ತರಿಗಳನ್ನು ನೋಡಿಯೇ. 1930ರಲ್ಲಿ ಅವರಿಗೆ ನೊಬೆಲ್ ಬಂತು.

ಹೆಸರಿನ ಬೇರು ಲ್ಯಾಟಿನ್‌ನ 'ಗ್ಲೂಟೆನ್', ಅಂದರೆ ಅಂಟು. ಜ್ವಾಲಾಮುಖಿ ಚಿಮ್ಮಿಸಿದ ಲಾವಾ ತುಣುಕುಗಳು ಆರುವ ಮೊದಲೇ ಬಿದ್ದು ಒಂದಕ್ಕೊಂದು ಅಂಟಿದರೆ ಅಗ್ಲುಟಿನೇಟ್. ಚಂದ್ರನ ಮಣ್ಣಿನಲ್ಲೂ ಇದೆ. ಸಣ್ಣ ಸಣ್ಣ ಉಲ್ಕೆಗಳ ಹೊಡೆತಕ್ಕೆ ಸ್ವಲ್ಪ ಮಣ್ಣು ಕರಗಿ ಗಾಜಾಗುತ್ತದೆ, ಆ ಗಾಜೇ ಸುತ್ತಲಿನ ಕಣಗಳಿಗೆ ಅಂಟು. ಭಾಷೆಯ ವಿಷಯ ನಮ್ಮ ಮೇಷ್ಟ್ರು ಹೇಳಲಿ.

ಪ್ರಶ್ನೆ: ಸರ್, ಪದಗಳಲ್ಲಿ ಅಂಟು ಎಲ್ಲಿದೆ?

ಉತ್ತರ (ಭಾಷಾಶಾಸ್ತ್ರ ಕಲಿಸುವವರು): 'ಮರಗಳಿಂದ' ಬಿಡಿಸಿ ನೋಡಿ. ಮರ, ಗಳು, ಇಂದ. ಬಹುವಚನಕ್ಕೆ ಒಂದು ತುಣುಕು, ವಿಭಕ್ತಿಗೆ ಇನ್ನೊಂದು. ಕೀಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಸಂಸ್ಕೃತದ 'ವೃಕ್ಷೈಃ' ತೆಗೆದುಕೊಳ್ಳಿ, ಅರ್ಥ ಇದೇ 'ಮರಗಳಿಂದ'. ಅಲ್ಲಿ 'ಐಃ' ಒಂದೇ ಎರಡೂ ಕೆಲಸ ಮಾಡುತ್ತದೆ, ಬಿಡಿಸಲು ಆಗುವುದಿಲ್ಲ. ಅಂಟಿದ್ದಕ್ಕೂ ಕರಗಿ ಬೆರೆತದ್ದಕ್ಕೂ ಇರುವ ವ್ಯತ್ಯಾಸ ಇದೇ.

ಪ್ರಶ್ನೆ: ಹಾಗಾದರೆ ಕನ್ನಡದಲ್ಲಿ ಎಲ್ಲಾ ಪದವೂ ಹೀಗೇನಾ?

ಉತ್ತರ: ಇಲ್ಲ. 'ಬರು' ಕ್ರಿಯೆಗೆ ಭೂತಕಾಲ ಸೇರಿಸಿ. 'ಬಂದ' ಆಗುತ್ತದೆ, ಅಲ್ವಾ? 'ರು' ಎಲ್ಲಿ ಹೋಯಿತು? ಅಲ್ಲಿ ಕೀಲು ಕರಗಿದೆ.