ನಾನು ತಗೊಳ್ಳದ ಸಾಲ ಸಿಬಿಲ್‌ನಲ್ಲಿದೆ, ಏನು ಮಾಡಲಿ?

ಪ್ರಶ್ನೆ (ಮಂಡ್ಯ):
ಹಸು ಸಾಲಕ್ಕೆ ಅಂತ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ರು ಸಿಬಿಲ್ (ಸಾಲ ತಗೊಂಡು ಹೇಗೆ ಕಟ್ಟಿದ್ದೀವಿ ಅನ್ನೋ ರಿಪೋರ್ಟು) ನೋಡಿ, "ಏನಮ್ಮ, ಆ್ಯಪ್‌ನಲ್ಲಿ 48,000 ತಗೊಂಡು ಕಟ್ಟೇ ಇಲ್ವಲ್ಲ" ಅಂದ್ರು. ನಾನು ಆ್ಯಪ್ ಸಾಲ ಮುಟ್ಟಿದವಳೇ ಅಲ್ಲ. ಸ್ಕೋರ್ 561ಕ್ಕೆ ಇಳಿದಿದೆ. ಆಧಾರ್, ಪ್ಯಾನ್ ಜೆರಾಕ್ಸ್ ಎಲ್ಲೆಲ್ಲಿ ಕೊಟ್ಟಿದ್ದೀನೋ ಲೆಕ್ಕವಿಲ್ಲ. ನಮ್ಮ ಯಜಮಾನ್ರು "ಕಟ್ಟಿ ಕೈ ತೊಳ್ಕೊಳ್ಳೋಣ" ಅಂತಾರೆ. ಅನುಭವ ಇರೋರು ಹೇಳಿ.

ಸರಸ್ವತಿಪುರಂ, ಮೈಸೂರು:
ಕಟ್ಟಬೇಡಿ ತಾಯಿ. ಕಟ್ಟಿದ್ರೆ ಸಾಲ ನಿಮ್ಮದೇ ಅಂತ ಒಪ್ಕೊಂಡ ಹಾಗೆ. ಚೌಕಾಸಿ ಮಾಡಿ ಅಷ್ಟೋ ಇಷ್ಟೋ ಕಟ್ಟಿದ್ರೆ ರಿಪೋರ್ಟಲ್ಲಿ 'ಸೆಟಲ್ಡ್' ಅಂತ ಕೂತ್ಕೊಳ್ಳುತ್ತೆ, ಅದೂ ಕಪ್ಪುಚುಕ್ಕೆಯೇ.

ನನಗೂ ಇದೇ ಆಗಿತ್ತು. ಮಾಡಿದ ತಪ್ಪು ಅಂದ್ರೆ, ಸಿಬಿಲ್ ವೆಬ್‌ಸೈಟಲ್ಲಿ ಡಿಸ್ಪ್ಯೂಟ್ (ತಕರಾರು) ಹಾಕಿ ಸುಮ್ಮನೆ ಕೂತಿದ್ದು. ಮೂರು ವಾರದ ಮೇಲೆ "ಸಾಲ ಕೊಟ್ಟವರು ಮಾಹಿತಿ ಸರಿಯಿದೆ ಎಂದಿದ್ದಾರೆ" ಅಂತ ಉತ್ತರ ಬಂತು. ಸಿಬಿಲ್‌ನಂಥ ಬ್ಯೂರೋದವರು ತಾವಾಗಿ ಏನನ್ನೂ ಅಳಿಸಲ್ಲ, ಸಾಲ ಕೊಟ್ಟ ಕಂಪನಿಯನ್ನೇ ಕೇಳ್ತಾರೆ. ಮೋಸ ಹೋದವರೇ ಅವರು, "ಸರಿಯಿದೆಯಾ" ಅಂದ್ರೆ ಇನ್ನೇನು ಹೇಳಿಯಾರು?

ಆಮೇಲೆ ಆ ಕಂಪನಿಯಲ್ಲಿ ದೂರು ನೋಡ್ಕೊಳ್ಳೋ ಗ್ರೀವೆನ್ಸ್ ಆಫೀಸರ್‌ಗೇ ಮೇಲ್ ಹಾಕಿದೆ. ಕೇಳಿದ್ದು ಮೂರೇ: ಕೆವೈಸಿಗೆ (ಗುರುತು ಪರಿಶೀಲನೆಗೆ) ತೆಗೆದ ಫೋಟೊ ಕಳಿಸಿ, ಓಟಿಪಿ ಹೋದ ಮೊಬೈಲ್ ನಂಬರ್ ಹೇಳಿ, ದುಡ್ಡು ಯಾವ ಖಾತೆಗೆ ಹಾಕಿದ್ರಿ ತೋರಿಸಿ. ಕೆಲಸ ಮಾಡಿದ್ದು ಮೂರನೇದು. ಖಾತೆ ನನ್ನದಲ್ಲ ಅಂದ್ಮೇಲೆ ಅವರ ಧಾಟಿಯೇ ಬದಲಾಯ್ತು. ಫೋಟೊನೂ ಕಳಿಸಿದ್ರು ನೋಡಿ: ಇಪ್ಪತ್ತರ ಹುಡುಗ, ಹಿಂದೆ ನೀಲಿ ಗೋಡೆ, ಗೋಡೆ ಮೇಲೊಂದು ಹಲ್ಲಿ. ನನಗೆ ಐವತ್ತೆರಡು, ತಲೆ ಬೋಳು.

ಮೇಲ್ ಜೊತೆ ಪೊಲೀಸ್ ದೂರಿನ ಪ್ರತಿ ಇದ್ರೆ ತೂಕ ಜಾಸ್ತಿ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹಾಕಿ. ನಾನು ಹೋದ ಠಾಣೆಯಲ್ಲಿ "ನಿಮ್ಮ ದುಡ್ಡೇನೂ ಹೋಗಿಲ್ವಲ್ಲ ಸಾರ್" ಅಂದ್ರು. ಸ್ವೀಕೃತಿ ಕೈಗೆ ಬರೋವರೆಗೂ ಬೆಂಚು ಬಿಟ್ಟೇಳಲಿಲ್ಲ.

ಕಂಪನಿಗೋ ಬ್ಯೂರೋಗೋ ದೂರು ಕೊಟ್ಟ ದಿನದಿಂದ ಎಣಿಸ್ತಾ ಇರಿ. 30 ದಿನದಲ್ಲಿ ಇತ್ಯರ್ಥ ಆಗದಿದ್ರೆ ಅವರು ನಿಮಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, 2024ರ ಏಪ್ರಿಲ್‌ನಿಂದ ಆರ್‌ಬಿಐ ನಿಯಮ ಇದು. ಅದಕ್ಕೂ ಬಗ್ಗದಿದ್ರೆ ಗ್ರಾಹಕರ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್ ಹತ್ರ ಹೋಗಿ, ಫೀಸಿಲ್ಲ. 14448ರಲ್ಲಿ ಕನ್ನಡದಲ್ಲೇ ಕೇಳಬಹುದು.

ಮದ್ದೂರು:
ಅಕ್ಕೋ, ಕಳ್ಳ ಅನ್ನೋಕ್ ಮುಂಚೆ ಮನೆ ಒಳಗೂ ಒಂದ್ಸಲ ನೋಡ್ಕಳಿ. ನಮ್ಮಪ್ಪಂಗೂ ಹಿಂಗೇ ಸಿಬಿಲ್ ಕೆಟ್ಟೋಗಿತ್ತು. ವಾರ ಅಲೆದು ದೂರು ಕೊಟ್ಮೇಲೆ ಗೊತ್ತಾಯ್ತು, ಸೋದರಮಾವನ ಬೈಕ್ ಸಾಲಕ್ಕೆ ನಮ್ಮಪ್ಪನೇ ಜಾಮೀನು ಹಾಕವ್ರೆ! ರಿಪೋರ್ಟಲ್ಲಿ ಓನರ್‌ಶಿಪ್ ಅನ್ನೋ ಕಡೆ 'ಗ್ಯಾರಂಟರ್' ಅಂತ ಇತ್ತು, ನಾವು ಓದೇ ಇರ್ನಿಲ್ಲ. ದೂರು ವಾಪಸ್ ತಗಳಾಕೆ ಮಾವನ್ನೇ ಕರ್ಕೊಂಡೋಗಿದ್ವು. ನಿಮ್ದು ಆ್ಯಪ್ ಸಾಲ ಅಂತೀರ, ಹಂಗಿರಲ್ಲ. ಆದ್ರೂ ನೋಡಿ.

ಕುವೆಂಪುನಗರ, ಮೈಸೂರು:
ಸಿಬಿಲ್ ಒಂದೇ ಅಲ್ಲ ಮೇಡಂ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಇನ್ನೂ ಮೂರು ಬ್ಯೂರೋ ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಬಿಟ್ಟಿ ಸಿಗುತ್ತೆ, ತೆಗೀರಿ. ಅದರಲ್ಲಿ 'ಎನ್‌ಕ್ವೈರಿ' ಪಟ್ಟಿ (ಯಾವ ಕಂಪನಿಗಳು ನಿಮ್ಮ ರಿಪೋರ್ಟ್ ಕೇಳಿವೆ ಅನ್ನೋದು) ನೋಡಿ, ನೀವು ಅರ್ಜಿ ಹಾಕದ ಕಂಪನಿ ಹೆಸರಿದ್ರೆ ಅಲ್ಲೂ ಯಾರೋ ನಿಮ್ಮ ಹೆಸರಲ್ಲಿ ಕೈಯೊಡ್ಡಿದ್ದಾರೆ ಅಂತ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅನ್ನೋದು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಗೊತ್ತಾಗುತ್ತೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಮಾಡಿ, ಆದ್ರೆ ಅದು ಬೆರಳಚ್ಚನ್ನ ತಡೆಯುತ್ತೆ, ಓಟಿಪಿನ ತಡೆಯಲ್ಲ. ಇನ್ನುಮುಂದೆ ಜೆರಾಕ್ಸ್ ಕೊಡುವಾಗ "ಗ್ಯಾಸ್ ಕನೆಕ್ಷನ್‌ಗೆ ಮಾತ್ರ" ಅಂತ ತಾರೀಖು ಸಮೇತ ಅಡ್ಡಡ್ಡ ಬರೆದುಬಿಡಿ.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ದುಡ್ಡು ಕಟ್ಟಿಲ್ಲ. ಜಾಮೀನಲ್ಲ, 'ಇಂಡಿವಿಜುವಲ್' ಅಂತಾನೇ ಇದೆ. ಅದರಲ್ಲಿರೋ ಮೊಬೈಲ್ ನಂಬರ್ ನನ್ನದಲ್ಲ. ಸಾಲ ಕೊಟ್ಟ ತಾರೀಖು ನೋಡಿದ್ರೆ ಅವತ್ತು ನಾನು ಹೆರಿಗೆ ಆಗಿ ಆಸ್ಪತ್ರೆಯಲ್ಲಿದ್ದೆ. ಡಿಸ್ಚಾರ್ಜ್ ಚೀಟಿನೂ ಮೇಲ್‌ಗೆ ಸೇರಿಸಲಾ?

ಸರಸ್ವತಿಪುರಂ, ಮೈಸೂರು:
ಸೇರಿಸಿ ತಾಯಿ. ಆದ್ರೆ ದುಡ್ಡು ಯಾವ ಖಾತೆಗೆ ಹೋಯ್ತು ಅನ್ನೋದು ಮೊದಲ ಸಾಲಲ್ಲೇ ಇರಲಿ.