ಮನೆ ಪಕ್ಕ ಟಿಎನ್‌ಡಿ ರೀಝೋನಿಂಗ್: ಹಿಯರಿಂಗ್‌ಗೆ ಹೋಗಿ ಬಂದವರು ಹೇಳಿ

ನಾವಿರೋದು ನಾರ್ತ್ ಕ್ಯಾರೊಲಿನಾದ ಒಂದು ಸಣ್ಣ ಟೌನ್‌ನಲ್ಲಿ. ಹಿತ್ತಿಲ ಬೇಲಿಯಾಚೆ ಇರೋ ಪೈನ್ ತೋಪನ್ನ 'ಟ್ರೆಡಿಷನಲ್ ನೇಬರ್‌ಹುಡ್ ಡೆವಲಪ್‌ಮೆಂಟ್' (ಟಿಎನ್‌ಡಿ) ಅಂತ ರೀಝೋನ್ ಮಾಡೋಕೆ, ಅಂದ್ರೆ ಅಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ ಬದಲಿಸೋಕೆ, ಅರ್ಜಿ ಬಂದಿದೆಯಂತೆ. ಟೌನ್‌ಹೋಮ್ (ಗೋಡೆಗೆ ಗೋಡೆ ಅಂಟಿದ ಸಾಲು ಮನೆ), ಅಂಗಡಿ, ಪಾರ್ಕು ಎಲ್ಲಾ ಒಟ್ಟಿಗೆ. ಟೌನ್‌ನವರು ಜನರ ಮಾತು ಕೇಳೋ ಹಿಯರಿಂಗ್‌ನಲ್ಲಿ ಒಬ್ಬೊಬ್ಬರಿಗೆ ಮಾತಾಡೋಕೆ 3 ನಿಮಿಷ. ಇಂಥ ಕಡೆ ನಾನು ಬಾಯಿ ಬಿಟ್ಟವಳೇ ಅಲ್ಲ. ಏನು ಮಾಡಬೇಕು, ಏನು ಮಾಡಬಾರದು?

ಇದೇ ರಾಜ್ಯ, ಬೇರೆ ಕೌಂಟಿಯಿಂದ

ಮೇಡಂ, ನನ್ನ ತಪ್ಪನ್ನೇ ಮೊದಲು ಹೇಳ್ತೀನಿ. ಬಿಲ್ಡರ್ ಕಡೆಯವರು ಕರೆದ ಸಭೆಗೆ ಹೋಗಿದ್ದೆ. ಬಣ್ಣಬಣ್ಣದ ನಕ್ಷೆ, ಕುಕೀಸು, ಕಾಫಿ. "ನಿಮ್ಮ ಬೇಲಿ ಕಡೆ 50 ಅಡಿ ಮರ ಹಾಗೇ ಬಿಡ್ತೀವಿ" ಅಂದ್ರು. ನಂಬಿಕೊಂಡು ಮನೆಗೆ ಬಂದು ಮಲಗಿದೆ. ಮರ ಉರುಳಿದ ದಿನ ಟೌನ್ ಆಫೀಸಿಗೆ ಫೋನ್ ಮಾಡಿದ್ರೆ, ಮಂಜೂರಾದ ಷರತ್ತಲ್ಲಿ ಇದ್ದಿದ್ದು 20 ಅಡಿ.

ನಿಮ್ಮ ಕಾಗದದಲ್ಲಿ 'ಕಂಡೀಷನಲ್ ಝೋನಿಂಗ್' ಅಂತ ಇದೆಯಾ ನೋಡಿ. ಇದ್ರೆ ಆ ಜಾಗಕ್ಕೆ ಅಂತಲೇ ಷರತ್ತು ಹಾಕಬಹುದು, ಆದರೆ ಅರ್ಜಿದಾರ ಅದಕ್ಕೆ ಬರವಣಿಗೆಯಲ್ಲಿ ಒಪ್ಪಬೇಕು. ಜಾಗದ ಬಳಕೆ ಬಗ್ಗೆ ನಮ್ಮ ರಾಜ್ಯದ 160ಡಿ ಕಾನೂನು ಇರೋದೇ ಹಾಗೆ. ಅಂದ್ರೆ ಚೌಕಾಸಿ ಏನಿದ್ರೂ ಟೌನ್ ಕೌನ್ಸಿಲ್ ವೋಟಿಗೆ ಮುಂಚೆ. ಫೈಲ್ ನೋಡ್ತಿರೋ ಪ್ಲಾನರ್‌ಗೆ ಇವತ್ತೇ ಈಮೇಲ್ ಹಾಕಿ ಷರತ್ತುಗಳ ಪಟ್ಟಿ ಕೇಳಿ. ಅದು ಸಾರ್ವಜನಿಕ ದಾಖಲೆ, ಕೊಡ್ತಾರೆ. ಪ್ಲಾನಿಂಗ್ ಬೋರ್ಡ್ ಸಭೆಗೂ ಹೋಗಿ. ಅವರದ್ದು ಶಿಫಾರಸು ಮಾತ್ರ, ವೋಟು ಕೌನ್ಸಿಲ್‌ನದ್ದು. ಆದರೂ ಷರತ್ತು ತಿದ್ದೋಕೆ ಬಿಲ್ಡರ್‌ಗೆ ಟೈಮ್ ಸಿಗೋದು ಆ ಹಂತದಲ್ಲೇ.

ಅಕ್ಕಪಕ್ಕದವರ ಸಹಿ ಹಾಕಿಸಿ ಕೊಟ್ರೆ ಕೌನ್ಸಿಲ್‌ಗೆ ಮುಕ್ಕಾಲು ಪಾಲು ವೋಟು ಬೇಕಾಗುತ್ತೆ ಅಂತ ಹಳಬರು ಯಾರಾದ್ರೂ ಹೇಳಿಯಾರು. ಆ ಪ್ರೊಟೆಸ್ಟ್ ಪಿಟಿಷನ್ 2015ರಲ್ಲೇ ರದ್ದಾಯ್ತು. ಈಗ ಉಳಿದಿರೋದು ಬರೆದು ಕೊಡೋದು: ವೋಟಿಗೆ ಕನಿಷ್ಠ 2 ಕೆಲಸದ ದಿನ ಮುಂಚೆ ಕ್ಲರ್ಕ್ ಕೈ ಸೇರಿದ್ರೆ ಅದು ಕೌನ್ಸಿಲ್‌ಗೆ ತಲುಪಲೇಬೇಕು. 3 ನಿಮಿಷದಲ್ಲಿ ನಾನು ನಡುಗ್ತಾ ಹೇಳಿದ್ದಕ್ಕಿಂತ ನನ್ನ ಹೆಂಡತಿ ಬರೆದ ಅರ್ಧ ಪುಟವೇ ಕೆಲಸಕ್ಕೆ ಬಂತು, ರಸ್ತೆ ದೀಪದ ವಿಷಯದಲ್ಲಾದ್ರೂ.

ಮೇರಿಲ್ಯಾಂಡ್‌ನಿಂದ

ನಾವು ಗೇದರ್ಸ್‌ಬರ್ಗ್‌ನ ಕೆಂಟ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆಗಿದ್ವಿ. 1988ರಲ್ಲಿ ನಕ್ಷೆ ಬರೆದ 352 ಎಕರೆ ಜಾಗ, ಈ ಥರದ ಬಡಾವಣೆಗಳಲ್ಲಿ ಮೊದಮೊದಲಿನದು. ಮನೆ ಮುಂದೆ ಜಗಲಿ, ಗ್ಯಾರೇಜು ಹಿಂದಿನ ಓಣಿಯಲ್ಲಿ. ಮಲ್ಲೇಶ್ವರದಲ್ಲಿ ನಮ್ಮ ತಾತನ ಮನೆ ಹಿಂದಿದ್ದ ಕನ್ಸರ್ವೆನ್ಸಿ ಲೇನ್ ನೆನಪಾಗೋದು, ಕಸ ಒಂದು ಇರಲಿಲ್ಲ ಅಷ್ಟೇ. ಸಾಯಂಕಾಲ ಮಕ್ಕಳನ್ನ ನಡೆಸಿಕೊಂಡೇ ಅಂಗಡಿಗೆ ಹೋಗ್ತಿದ್ವಿ. ಹೆದರಬೇಡಿ, ಒಳ್ಳೇದೂ ಇದೆ. ಒಂದು ಎಚ್ಚರ: ಮೊದಲ ಯೋಜನೆಯಲ್ಲಿದ್ದ ದೊಡ್ಡ ಮಾಲ್ ಅಲ್ಲಿ ಬರಲೇ ಇಲ್ಲ. ಎಷ್ಟನೇ ಮನೆ ಮುಗಿಯೋ ಹೊತ್ತಿಗೆ ಪಾರ್ಕು ಮುಗೀಬೇಕು, ಅಂಗಡಿ ಸಾಲು ಯಾವಾಗ, ಇದನ್ನೂ ಷರತ್ತಲ್ಲಿ ಬರೆಸಿ.

ಟ್ರಾಫಿಕ್ ಬಗ್ಗೆ ಒಂದೇ ಮಾತು

"ಟ್ರಾಫಿಕ್ ಜಾಸ್ತಿಯಾಗುತ್ತೆ" ಅಂತ ಎಲ್ಲರೂ ಹೇಳ್ತಾರೆ, ಯಾರೂ ಕಿವಿಗೆ ಹಾಕ್ಕೊಳಲ್ಲ. ಟ್ರಾಫಿಕ್ ಸ್ಟಡಿ ತರಿಸಿ, ಗಾಡಿ ಎಣಿಸಿದ ತಾರೀಖು ನೋಡಿ. ಸ್ಕೂಲ್ ರಜೆಯಲ್ಲಿ ಎಣಿಸಿದ್ರೆ ಆ ತಾರೀಖನ್ನೇ ಎತ್ತಿ ಕೇಳಿ.

ಕೊಂಚ ಬೇರೆ ಅಭಿಪ್ರಾಯ

ಬೇಜಾರಾಗಬೇಡಿ. ನಾವಿರೋ ಟೌನ್‌ಹೋಮ್ ಸಾಲಿಗೂ ಒಂದು ಕಾಲಕ್ಕೆ ಅಕ್ಕಪಕ್ಕದವರ ವಿರೋಧವಿತ್ತಂತೆ. ಒಂಟಿ ಮನೆ ಕೊಳ್ಳೋಕೆ ಆಗದ ನಮ್ಮಂಥವರು ಎಲ್ಲಿಗೆ ಹೋಗಬೇಕು? ಮರ, ನೀರು, ರಸ್ತೆ ಬಗ್ಗೆ ಎಷ್ಟು ಬೇಕಾದ್ರೂ ಕೇಳಿ. "ಎಂಥವರು ಬರ್ತಾರೋ" ಅನ್ನೋ ಮಾತು ಮಾತ್ರ ಆ ಮೈಕ್ ಮುಂದೆ ಬೇಡ.

ಕೇಳಿದವಳೇ, 3 ದಿನದ ಮೇಲೆ

ಕೊನೇ ಮಾತು ಸ್ವಲ್ಪ ಚುಚ್ಚಿತು, ಆದರೆ ನನ್ನ ಚೀಟಿಯಲ್ಲಿ ಆ ಥರದ್ದೊಂದು ಸಾಲಿತ್ತು, ಹೊಡೆದು ಹಾಕಿದೆ. ಷರತ್ತುಗಳ ಪಟ್ಟಿ ಸಿಕ್ತು. ಒಟ್ಟು 14 ಇವೆ. 9ನೆಯದು ಬಫರ್, ಅಂದ್ರೆ ಬೇಲಿ ಕಡೆ ಬಿಡೋ ಮರಗಳ ಸಾಲು: "ಸಾಕಷ್ಟು ಅಗಲ" ಅಂತಷ್ಟೇ ಇದೆ, ಅಡಿಯ ಲೆಕ್ಕವೇ ಇಲ್ಲ. ಅಡಿ ಎಷ್ಟು ಅಂತ ಪ್ಲಾನರ್‌ಗೆ ಬರೆದಿದ್ದೀನಿ. ಪ್ಲಾನಿಂಗ್ ಬೋರ್ಡ್ ಸಭೆ ಮಂಗಳವಾರ.